ಕೋಷ್ಟಕದೊಳಗೆ ಕೇರಿ ಎಲ್ಲಿದೆ?

ಹಳೇಬೀಡಿಗೆ ಲೆಕ್ಕ ಹೊಸದಲ್ಲ. ಬಿ.ಎಲ್. ರೈಸ್ 1902ರಲ್ಲಿ ಅಚ್ಚು ಹಾಕಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದು ನೋಡಿದರೆ ಎಲ್ಲೆಲ್ಲೂ ಲೆಕ್ಕವೇ. ದೇವರ ನೈವೇದ್ಯಕ್ಕೆ ಗದ್ದೆ ಎಷ್ಟು, ಬೆದ್ದಲು ಎಷ್ಟು, ನಂದಾದೀಪಕ್ಕೆ ಎಣ್ಣೆ ಎಷ್ಟು, ತೆರಿಗೆ ಎಷ್ಟು ಗದ್ಯಾಣ. ಕೊಟ್ಟವನ ಹೆಸರಿದೆ, ಈಸಿಕೊಂಡವನ ಹೆಸರಿದೆ, ಅವನ ಗೋತ್ರವಿದೆ, ದಾನ ಕೆಡಿಸಿದವನಿಗೆ ಶಾಪವೂ ಇದೆ. ಹೊಯ್ಸಳೇಶ್ವರನ ಗುಡಿ ಕಟ್ಟಿಸಿದ ಕೇತಮಲ್ಲ ಎಂಬ ಅಧಿಕಾರಿಯ ಹೆಸರು ಉಳಿದಿದೆ. ಹೊಯ್ಸಳ ಗುಡಿಗಳ ಕೆಲವು ರೂವಾರಿಗಳು ತಮ್ಮ ಹೆಸರನ್ನು ಕಲ್ಲಲ್ಲೇ ಕೊರೆದುಕೊಂಡಿದ್ದಾರೆ. ಆದರೆ ಆ ಗದ್ದೆ ಉತ್ತವರು ಯಾರು, ಬಳಪದ ಕಲ್ಲನ್ನು ಹೊತ್ತು ತಂದವರು ಎಷ್ಟು ಜನ ಅನ್ನುವ ಲೆಕ್ಕಕ್ಕೆ ಕಲ್ಲಿನಲ್ಲಿ ಜಾಗ ಸಿಗಲಿಲ್ಲ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಹಳೇಬೀಡಿನ ಗುಡಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಗುಡಿಯ ಆನೆ, ಕುದುರೆ, ಹಂಸಗಳ ಸಾಲನ್ನು ಲೆಕ್ಕ ಹಾಕುವವರು ಈಗ ಬಹಳ ಇದ್ದಾರೆ. ಗುಡಿಯ ಸುತ್ತಲಿನ ಊರುಗಳ ಕೇರಿಯನ್ನು ಲೆಕ್ಕ ಹಾಕುವವರು ಯಾರು?

ಒಬ್ಬರಿದ್ದಾರೆ. ಸಮಾಜಶಾಸ್ತ್ರದ ಎಂ.ಎ. ವಿದ್ಯಾರ್ಥಿ. ಕಡೆಯ ವರ್ಷದ ಪ್ರಬಂಧಕ್ಕಾಗಿ ಒಂದು ಹಳ್ಳಿ ಹಿಡಿಯಬೇಕು, ಪ್ರಶ್ನಾವಳಿ ತುಂಬಿಸಬೇಕು, ಕೋಷ್ಟಕ ಮಾಡಬೇಕು, ಬೈಂಡು ಹಾಕಿಸಿ ಒಪ್ಪಿಸಬೇಕು. ಹಾಸನದಿಂದ, ಮೈಸೂರಿನಿಂದ, ಬೆಂಗಳೂರಿನಿಂದ ಬರುವ ಈ ಹುಡುಗ ಹುಡುಗಿಯರಲ್ಲಿ ಇವತ್ತು ನಮ್ಮ ಕೇರಿಗಳಿಂದಲೇ ಹೋದವರು ಅನೇಕರು. ಅವರು ಬರೆಯುವ ಈ ಪ್ರಬಂಧವನ್ನು ಸಾಹಿತ್ಯ ವಿಮರ್ಶೆ ಮುಟ್ಟುವುದಿಲ್ಲ. ಕಥೆ, ಕವನ, ಆತ್ಮಕಥೆಗಳನ್ನು ಹಿಡಿದು ಜಗ್ಗುವ ನಾವು, ಈ ಪ್ರಬಂಧ ಪರೀಕ್ಷೆಯ ಕಾಗದ ಅಂತ ಪಕ್ಕಕ್ಕಿಡುತ್ತೇವೆ. ಇದು ಸಲ್ಲದು. ನಮ್ಮ ಹುಡುಗರು ತಮ್ಮ ಜನರ ಬಗ್ಗೆ ಬರೆಯುವ ಮೊದಲ ಉದ್ದದ ಬರವಣಿಗೆ ಎಷ್ಟೋ ಸಲ ಇದೇ ಆಗಿರುತ್ತದೆ. ಆದ್ದರಿಂದ ಇದನ್ನೂ ಒಂದು ಕೃತಿಯೆಂದೇ ಓದಬೇಕು, ಕೃತಿಗೆ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳಬೇಕು: ಯಾರ ಪರವಾಗಿ ಮಾತಾಡುತ್ತದೆ? ಎಲ್ಲಿ ನಿಂತು ನೋಡುತ್ತದೆ?

ಈ ಪ್ರಬಂಧದ ಅಚ್ಚು ನಮಗೆಲ್ಲ ಗೊತ್ತಿರುವುದೇ. ಮೊದಲ ಅಧ್ಯಾಯದಲ್ಲಿ ವಿಷ್ಣುವರ್ಧನ, ಶಾಂತಲೆ, ಶಿಲ್ಪಕಲೆ. ಎರಡನೆಯದರಲ್ಲಿ ಹಳೆಯ ಪುಸ್ತಕಗಳಿಂದ ಎತ್ತಿದ ವ್ಯಾಖ್ಯೆಗಳು. ಮೂರನೆಯದರಲ್ಲಿ 50 ಜನರ ಮಾದರಿ. ಆಮೇಲೆ ಒಂದರ ಹಿಂದೊಂದು ಕೋಷ್ಟಕ. ಕೋಷ್ಟಕದ ಕೆಳಗೆ ಅದೇ ಅಂಕಿಯನ್ನು ಅಕ್ಷರದಲ್ಲಿ ಬರೆದ ಒಂದು ಪ್ಯಾರಾ. ಕೊನೆಗೆ ಸಲಹೆ: ಪರಿಶಿಷ್ಟರಲ್ಲಿ ಶಿಕ್ಷಣದ ಅರಿವು ಮೂಡಿಸಬೇಕು, ಸರ್ಕಾರದ ಯೋಜನೆಗಳನ್ನು ತಲುಪಿಸಬೇಕು. ಊರಿಗೆ ಹೋಗುವ ಮುಂಚೆಯೇ ಬರೆದಿಡಬಹುದಾದ ಸಲಹೆ ಇದು. ಊರಿಗೆ ಹೋಗಿ ಬಂದದ್ದರಿಂದ ಏನೂ ಬದಲಾಗದ ಪ್ರಬಂಧಕ್ಕೆ ಬಸ್ ಚಾರ್ಜು ದಂಡ.

ಇದನ್ನು ಕಂಡು ರೋಸಿಹೋದ ಗೆಳೆಯರು ಇನ್ನೊಂದು ಮಾತು ಹೇಳುತ್ತಾರೆ: ಅಂಕಿಸಂಖ್ಯೆ ಅನ್ನೋದೇ ಮೇಲ್ಜಾತಿಯವರ ಆಟ, ನಮ್ಮ ನೋವನ್ನು ಶೇಕಡಾದಲ್ಲಿ ಹಿಡಿಯಕ್ಕಾಗುತ್ತಾ, ನಮಗೆ ಅನುಭವ ಸಾಕು. ಈ ಮಾತಿನ ಹಿಂದಿನ ಸಿಟ್ಟು ನ್ಯಾಯವಾದದ್ದೇ. ತೀರ್ಮಾನ ಮಾತ್ರ ಅಪಾಯದ್ದು. ಅಂಕಿಯನ್ನು ನಾವು ಬಿಟ್ಟುಕೊಟ್ಟರೆ ಅದನ್ನು ಎತ್ತಿಕೊಳ್ಳುವವರು ಕಾದು ಕೂತಿದ್ದಾರೆ.

ಇದಕ್ಕೆ ಸಾಕ್ಷಿ ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. 1932ರಲ್ಲಿ ಯಾರಿಗೆ ಮತದ ಹಕ್ಕು ಎಂದು ತೀರ್ಮಾನಿಸಲು ಲೋಥಿಯನ್ ಸಮಿತಿ ಪ್ರಾಂತ್ಯ ಪ್ರಾಂತ್ಯ ಸುತ್ತಿತು. ಅದುವರೆಗೆ ಅಸ್ಪೃಶ್ಯರು ಕೋಟಿಗಟ್ಟಲೆ ಇದ್ದಾರೆಂದು ಯಾರೂ ಅಲ್ಲಗಳೆದಿರಲಿಲ್ಲ. ಪ್ರಾತಿನಿಧ್ಯ ಅನ್ನುವ ಮಾತು ಬಂದ ಕೂಡಲೇ ಲೆಕ್ಕ ಕರಗತೊಡಗಿತು. ಸಂಯುಕ್ತ ಪ್ರಾಂತ್ಯದಲ್ಲಿ ಜನಗಣತಿಯ ಅಧಿಕಾರಿ 1 ಕೋಟಿ 26 ಲಕ್ಷ ಎಂದರೆ, ಅಲ್ಲಿನ ಪ್ರಾಂತೀಯ ಸಮಿತಿ 6 ಲಕ್ಷ ಎಂದಿತು. ಜನ ಸತ್ತಿರಲಿಲ್ಲ, ಊರು ಬಿಟ್ಟಿರಲಿಲ್ಲ. ಯಾರನ್ನು ಅಸ್ಪೃಶ್ಯ ಅನ್ನಬೇಕು ಅನ್ನುವ ವ್ಯಾಖ್ಯೆ ಬದಲಾಗಿತ್ತು, ಅಷ್ಟೇ. ಅಂಬೇಡ್ಕರ್ ಈ ಆಟವನ್ನು ಅಂಕಿ ಅಂಕಿಯಾಗಿ ಬಿಡಿಸಿ ತೋರಿಸಿದರು. ಅವರು ಅಂಕಿಯನ್ನು ಬೈದು ಸುಮ್ಮನಾಗಲಿಲ್ಲ. ಅದನ್ನು ಯಾರು, ಎಲ್ಲಿ, ಯಾವ ವ್ಯಾಖ್ಯೆಯಿಂದ ತಯಾರಿಸಿದರು ಅಂತ ಕೇಳಿದರು. ಪರಿಮಾಣಾತ್ಮಕ ಸಂಶೋಧನೆಯ ಮೊದಲ ಪಾಠ ಇದು. ಕಂಪ್ಯೂಟರಿನಲ್ಲಿ ಕೈ ಸ್ಕ್ವೇರ್ ಒತ್ತುವುದು ಆಮೇಲಿನ ಮಾತು.

ಎಲ್ಲಿ ನಿಂತು ಎಣಿಸುತ್ತೇವೆ ಅನ್ನುವುದನ್ನು ನೋಡೋಣ. ನಮ್ಮ ನಾಡಿನ ಹಳ್ಳಿಯ ಬಗ್ಗೆ ಜಗತ್ತೇ ಓದುವ ಪುಸ್ತಕ ಎಂ.ಎನ್. ಶ್ರೀನಿವಾಸರದ್ದು. 1948ರಲ್ಲಿ ಅವರು ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದು ಮಾಡಿದ ಕೆಲಸದ ಮೇಲೆ, ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟು, 1976ರಲ್ಲಿ ಅದನ್ನು ಪ್ರಕಟಿಸಿದರು. ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಬಿದ್ದಿದ್ದರಿಂದ ಹೆಚ್ಚಿನದನ್ನು ನೆನಪಿನಿಂದ ಬರೆದರು. ಪ್ರಬಲ ಜಾತಿ ಅನ್ನುವ ಅವರ ಪರಿಕಲ್ಪನೆ ನಮಗೂ ಉಪಯೋಗಕ್ಕೆ ಬಂದಿದೆ. ಆದರೆ ಅವರು ಇಳಿದುಕೊಂಡಿದ್ದು ಊರ ಯಜಮಾನನಿಗೆ ಸೇರಿದ ಮನೆಯಲ್ಲಿ. ಬ್ರಾಹ್ಮಣರಾಗಿ, ಯಜಮಾನನ ಅತಿಥಿಯಾಗಿ ಕೇರಿಯ ಒಳಗೆ ಸಲೀಸಾಗಿ ಬೆರೆಯಲು ಆಗಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಜಗಲಿಯಿಂದ ಕಂಡಷ್ಟು ಊರು ಅವರ ಪುಸ್ತಕದಲ್ಲಿದೆ. ನಾವು ಇಲ್ಲಿ ಶ್ರೀನಿವಾಸರನ್ನು ಬೈಯಲು ಹೊರಟಿಲ್ಲ. ಅವರು ತಾವು ನಿಂತ ಜಾಗ ಯಾವುದೆಂದು ಬಿಚ್ಚಿಟ್ಟರು. ನಮ್ಮ ವಿದ್ಯಾರ್ಥಿ ಪ್ರಬಂಧಗಳು ಜಗಲಿಯಲ್ಲೇ ಕೂತು ಫಾರಂ ತುಂಬಿಸಿಕೊಂಡು 'ವಸ್ತುನಿಷ್ಠ ಅಧ್ಯಯನ' ಎಂದು ರಟ್ಟಿನ ಮೇಲೆ ಅಚ್ಚು ಹಾಕಿಸುತ್ತವೆ.

ಅದಕ್ಕೂ ಅರ್ಧ ಶತಮಾನ ಮುಂಚೆ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒಬ್ಬ ಕಪ್ಪು ವಿದ್ವಾಂಸ ಬೇರೆ ದಾರಿ ಹಿಡಿದಿದ್ದ. ಡಬ್ಲ್ಯು.ಇ.ಬಿ. ಡುಬಾಯ್ಸ್ 1896-97ರಲ್ಲಿ ನಗರದ ಏಳನೇ ವಾರ್ಡಿನಲ್ಲೇ ವಾಸವಿದ್ದು, ಕಪ್ಪು ಜನರ ಮನೆ ಮನೆಗೂ ತಾನೇ ಹೋಗಿ ಬಾಡಿಗೆ, ಕೂಲಿ, ಓದು, ಸಾವು ಎಲ್ಲವನ್ನೂ ಬರೆದುಕೊಂಡ. 1899ರಲ್ಲಿ ಪುಸ್ತಕ ಬಂತು. ಕಪ್ಪು ಜನರೇ ಒಂದು ಸಮಸ್ಯೆ ಎಂದು ಬಿಳಿಯರು ಹೇಳುತ್ತಿದ್ದ ಕಾಲದಲ್ಲಿ, ಕೆಲಸ ಕೊಡದ ಅಂಗಡಿ ಕಾರ್ಖಾನೆಗಳನ್ನೂ ದುಬಾರಿ ಬಾಡಿಗೆಯನ್ನೂ ಅವನ ಕೋಷ್ಟಕಗಳು ಎದುರಿಗೆ ತಂದು ನಿಲ್ಲಿಸಿದವು. 1946ರಲ್ಲಿ ಅಂಬೇಡ್ಕರ್ ಇದೇ ಡುಬಾಯ್ಸ್‌ಗೆ ಕಾಗದ ಬರೆದಿದ್ದರು. ಎಣಿಸಿಕೊಳ್ಳುತ್ತಿದ್ದವರು ಎಣಿಸುವವರಾದಾಗ ಪ್ರಶ್ನೆಯೇ ತಿರುಗುತ್ತದೆ ಅನ್ನುವುದಕ್ಕೆ ಇವರಿಬ್ಬರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಈಗ ಹಳೇಬೀಡು ಸೀಮೆಗೇ ಬರೋಣ. ನಮ್ಮ ವಿದ್ಯಾರ್ಥಿ ಯಾವ್ಯಾವ ಕಡೆ ಕಣ್ಣು ತೆರೆದಿರಬೇಕು?

ಮೊದಲನೆಯದು ಜಾತಿಯ ಕಲಮು. 'ಪರಿಶಿಷ್ಟ ಜಾತಿ' ಅಂತ ಒಂದೇ ಮನೆ ಮಾಡಿ ಟಿಕ್ ಹಾಕುವುದು ಸುಲಭ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 101 ಜಾತಿಗಳಿವೆ. ಇನ್ನು 'ಆದಿ ಕರ್ನಾಟಕ' ಅನ್ನುವುದು ಮೈಸೂರು ಸಂಸ್ಥಾನದ ಕಾಲದಲ್ಲಿ ಪಂಚಮ ಎಂಬ ಹೆಸರಿನ ಬದಲಿಗೆ ಬಂದದ್ದು. ಅದರೊಳಗೆ ಹೊಲೆಯರೂ ಇದ್ದಾರೆ, ಮಾದಿಗರೂ ಇದ್ದಾರೆ. ಗೌರವಕ್ಕೆಂದು ತೊಟ್ಟ ಹೆಸರು ಲೆಕ್ಕದಲ್ಲಿ ಪರದೆಯಾಯಿತು. ಒಳಮೀಸಲಾತಿಗಾಗಿ ಮಾದಿಗ ಬಂಧುಗಳು ದಶಕಗಳ ಕಾಲ ಬೀದಿಯಲ್ಲಿ ನಿಂತಾಗ ಎದುರಾದ ಪ್ರಶ್ನೆ 'ನಿಮ್ಮ ಸಂಖ್ಯೆ ಎಷ್ಟು' ಎಂಬುದು. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣ ಮಾಡಬಹುದು ಎಂದಿತು. 2025ರಲ್ಲಿ ನಾಗಮೋಹನ ದಾಸ್ ಆಯೋಗ ಮನೆ ಮನೆ ಸಮೀಕ್ಷೆ ನಡೆಸಿ 27 ಲಕ್ಷಕ್ಕೂ ಹೆಚ್ಚು ಕುಟುಂಬಗಳನ್ನು, ಒಂದು ಕೋಟಿಗೂ ಮೀರಿದ ಜನರನ್ನು ಬರೆದುಕೊಂಡಿತು. ಅಷ್ಟಾದರೂ 4 ಲಕ್ಷಕ್ಕೂ ಹೆಚ್ಚು ಜನ ಮೂಲ ಜಾತಿ ಹೇಳದೆ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದರು. ಯಾಕೆ ಹೇಳಲಿಲ್ಲ? ಬಾಡಿಗೆ ಮನೆ ಕಳೆದುಕೊಳ್ಳುವ ಭಯವೋ, ಪಕ್ಕದವರು ಕೇಳಿಸಿಕೊಂಡಾರೆಂಬ ಸಂಕೋಚವೋ, ಹಳೆಯ ದಾಖಲೆಯಲ್ಲಿ ಇರುವ ಹೆಸರನ್ನೇ ಹೇಳುವ ಅಭ್ಯಾಸವೋ? ಒಂದು ಊರನ್ನು ಹಿಡಿದು ಇದನ್ನೇ ಕೇಳಿದರೆ ಅದೇ ಒಂದು ಒಳ್ಳೆಯ ಪ್ರಬಂಧ. ಹೊಲೆಯ ಮಾದಿಗರನ್ನು ಒಂದೇ ಕಲಮಿನಲ್ಲಿ ಕಟ್ಟಿಹಾಕಿ 'ದಲಿತರಲ್ಲಿ ಇಷ್ಟು ಶೇಕಡಾ ಪದವೀಧರರು' ಎಂದು ಬರೆಯುವುದು ನಮ್ಮೊಳಗಿನ ಮೇಲುಕೀಳನ್ನು ಮುಚ್ಚುವ ಕೆಲಸ. ಅದು ನಮ್ಮ ಚಳವಳಿಗೂ ಸಲ್ಲುವ ಟೀಕೆ.

ಎರಡನೆಯದು ಜಮೀನು. 'ಜಮೀನು ಇದೆಯೇ? ಇದ್ದರೆ ಎಷ್ಟು ಎಕರೆ?' ಅಂತ ಕೇಳಿ ಮುಂದಕ್ಕೆ ಹೋಗುತ್ತಾರೆ. ಕೇರಿಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿಲ್ಲ. ಪಹಣಿ ಸತ್ತುಹೋದ ತಾತನ ಹೆಸರಲ್ಲಿರುತ್ತದೆ, ಉಳುವವನು ಬೇರೆ ಇರುತ್ತಾನೆ. ದರಖಾಸ್ತಿನಲ್ಲಿ ಬಂದ ಜಮೀನು ಮದುವೆಗೋ ಕಾಯಿಲೆಗೋ ಕೈ ಬಿಟ್ಟಿರುತ್ತದೆ. ಗೋಮಾಳ ಹಸನು ಮಾಡಿ ಬಗರ್ ಹುಕುಂ ಅರ್ಜಿ ಕೊಟ್ಟು ಕೂತವರಿರುತ್ತಾರೆ. ಮಂಜೂರಾದ ಜಮೀನಿನ ಪರಭಾರೆ ತಡೆಯಲು 1978ರ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ತಡವಾಯಿತೆಂದು ಅರ್ಜಿಗಳು ಬಿದ್ದುಹೋಗುವುದನ್ನು ನಿಲ್ಲಿಸಲು 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ಇಷ್ಟೆಲ್ಲ ಇರುವಾಗ 'ಇದೆ, ಇಲ್ಲ' ಎಂಬ ಎರಡು ಮನೆ ಏನು ಹೇಳೀತು? ಮೂರು ಪ್ರಶ್ನೆ ಬೇಕು: ಪಹಣಿ ಯಾರ ಹೆಸರಲ್ಲಿದೆ, ಉಳುತ್ತಿರುವವರು ಯಾರು, ಬೆಳೆ ಮಾರಿದ ದುಡ್ಡು ಯಾರ ಕೈಗೆ ಬರುತ್ತದೆ. ಈ ಮೂರಕ್ಕೂ ಬೇರೆ ಬೇರೆ ಉತ್ತರ ಬಂದ ಮನೆಗಳೆಷ್ಟು ಎಂದು ಎಣಿಸಿ. ಆ ಒಂದು ಅಂಕಿ ಹತ್ತು ಭಾಷಣಕ್ಕೆ ಸಮ.

ಸರಾಸರಿಯ ಮೋಸವೂ ಇಲ್ಲೇ ಇದೆ. ಹತ್ತು ಮನೆ ಅಂತ ಇಟ್ಟುಕೊಳ್ಳಿ. ಒಬ್ಬನಿಗೆ 40 ಎಕರೆ, ಮಿಕ್ಕ ಒಂಬತ್ತು ಮನೆಗೆ ಒಂದು ಗುಂಟೆಯೂ ಇಲ್ಲ. ಸರಾಸರಿ 4 ಎಕರೆ! ಕಾಗದದ ಮೇಲೆ ಎಲ್ಲರೂ ರೈತರಾದರು. ಮನೆಗಳನ್ನು ಹಿಡುವಳಿಯ ಕ್ರಮದಲ್ಲಿ ನಿಲ್ಲಿಸಿ ನಡುವಿನ ಮನೆಗೆ ಎಷ್ಟಿದೆ ಅಂತ ನೋಡಿದರೆ ಸೊನ್ನೆ. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ಅಸಮಾನತೆಯ ಊರಿನಲ್ಲಿ ಸರಾಸರಿ ಒಂದನ್ನೇ ಕೊಟ್ಟು ಮಧ್ಯಾಂಕ ಕೊಡದ ಪ್ರಬಂಧ ಧಣಿಯ ಪರ ಸಾಕ್ಷಿ ಹೇಳುತ್ತದೆ.

ಮೂರನೆಯದು ಅಸ್ಪೃಶ್ಯತೆಯ ಪ್ರಶ್ನೆ. 'ನಿಮ್ಮ ಊರಿನಲ್ಲಿ ಅಸ್ಪೃಶ್ಯತೆ ಆಚರಣೆಯಲ್ಲಿದೆಯೇ?' ಎಂದು ಗೌಡರ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೂಲಿ ಹೆಂಗಸನ್ನು ಕೇಳಿದರೆ ಆಕೆ ಏನು ಹೇಳಿಯಾಳು? 'ಅಂಥದೇನಿಲ್ಲ ಸ್ವಾಮಿ, ಎಲ್ಲಾ ಚೆನ್ನಾಗವ್ರೆ, ಬರ್ಕಳಿ.' ಬರೆದುಕೊಂಡು ಬಂದ ಹುಡುಗ 'ಅಸ್ಪೃಶ್ಯತೆ ಕಣ್ಮರೆಯಾಗಿದೆ' ಎಂದು ಕೋಷ್ಟಕ ಮಾಡುತ್ತಾನೆ. ನಾಳೆ ಕೂಲಿಗೆ ಕರೆಯುವವನು ಎದುರಿಗಿದ್ದಾನೆ ಅನ್ನುವುದು ಆ ಕೋಷ್ಟಕದಲ್ಲಿ ಕಾಣುವುದಿಲ್ಲ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯವರು ದೇಶದ 40 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಅನುಭವಿಸುವವರನ್ನು ಬಿಟ್ಟು ಆಚರಿಸುವವರನ್ನು ಕೇಳಿದರು: ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ? ಇಲ್ಲ ಎಂದವರನ್ನು ಮತ್ತೆ ಕೇಳಿದರು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಮುಟ್ಟಿದರೆ ತೊಂದರೆಯೇ? ಎರಡೂ ಸೇರಿ ಸುಮಾರು ಶೇ. 27 ಮನೆಗಳು ಒಪ್ಪಿಕೊಂಡವು. ಪ್ರಶ್ನೆ ಬರೆಯುವುದೂ ಒಂದು ಕಾವ್ಯಕ್ಕೆ ಕಡಿಮೆಯ ಕೆಲಸವಲ್ಲ. ನಮ್ಮ ಊರಿಗೆ ಹೊಂದುವಂತೆ ಅದನ್ನು ಇನ್ನೂ ಒಡೆಯಬಹುದು: ಹೋಟೆಲಿನ ಲೋಟ, ಕ್ಷೌರದ ಅಂಗಡಿ, ಗುಡಿಯ ಒಳಬಾಗಿಲು, ಹಾಲಿನ ಡೈರಿ, ಮದುವೆ ಪಂಕ್ತಿ, ಬಾಡಿಗೆ ಮನೆ. ಒಂದೊಂದಕ್ಕೂ ಒಂದೊಂದು ಪ್ರಶ್ನೆ. ಕೇಳುವುದು ಒಂಟಿಯಾಗಿ, ಅವರ ಮನೆಯಲ್ಲೇ, ಹೆಸರು ಬರೆಯದೆ. ಹೇಳಲ್ಲ ಅಂದರೆ ಅವರ ಹಕ್ಕು. ಅದನ್ನೂ 'ಉತ್ತರಿಸಲಿಲ್ಲ' ಎಂದು ಎಣಿಸಬೇಕು. ಮೌನವೂ ಒಂದು ಅಂಕಿ.

ನಾಲ್ಕನೆಯದು ಮಾದರಿ. ಊರಿನಲ್ಲಿ 400 ಮನೆ, ಅದರಲ್ಲಿ ಕೇರಿಯವು 60 ಎಂದಿಟ್ಟುಕೊಳ್ಳಿ. ಚೀಟಿ ಎತ್ತಿ 40 ಮನೆ ಆರಿಸಿದರೆ ಕೇರಿಗೆ ಸಿಗುವುದು ಹೆಚ್ಚುಕಡಿಮೆ 6 ಮನೆ. ಆ ಆರರಲ್ಲಿ ಮೂರು ಮನೆಯಲ್ಲಿ ಹೈಸ್ಕೂಲು ಓದಿದವರಿದ್ದರೆ 'ಕೇರಿಯಲ್ಲಿ ಶೇ. 50' ಎಂದು ಬರೆಯುತ್ತಾರೆ. ಇದು ಶೇಕಡಾ ಅಲ್ಲ, ಶೇಕಡಾದ ವೇಷ. ಅದರ ಮೇಲೆ ಕೈ ಸ್ಕ್ವೇರ್ ಹಾಕುತ್ತಾರೆ. ಕೋಷ್ಟಕದ ಮನೆಗಳಲ್ಲಿ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಿದ್ದರೆ ಆ ಪರೀಕ್ಷೆಯನ್ನು ನಂಬಬಾರದೆಂಬುದು ಸಂಖ್ಯಾಶಾಸ್ತ್ರದ ಮೊದಲ ಪುಸ್ತಕದಲ್ಲೇ ಇದೆ. ದಾರಿ ಇದೆ. ಊರನ್ನು ಎರಡು ಪದರ ಮಾಡಿ, ಕೇರಿಯಿಂದ 30, ಮಿಕ್ಕ 340ರಿಂದ 30 ಚೀಟಿ ಎತ್ತಬೇಕು. ಆಗ ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಬಹುದು. ಇಡೀ ಊರಿನ ಅಂಕಿ ಹೇಳುವಾಗ ಮಾತ್ರ ಕೇರಿಯ ಒಂದು ಮನೆ 2 ಮನೆಗೆ, ಊರಿನ ಒಂದು ಮನೆ 11ಕ್ಕೂ ಚೂರು ಹೆಚ್ಚಿನ ಮನೆಗೆ ಸಮವೆಂದು ತೂಕ ಕೊಡಬೇಕು. ಇನ್ನು ಬೆಳಿಗ್ಗೆ ಹನ್ನೊಂದಕ್ಕೆ ಕೇರಿಗೆ ಹೋದರೆ ಸಿಗುವುದು ಮುದುಕರು, ಎಳೆ ಮಕ್ಕಳು. ದುಡಿಯುವವರು ಶುಂಠಿ ಹೊಲಕ್ಕೋ ಬೇಲೂರಿನ ಆಚೆಯ ಕಾಫಿ ತೋಟಕ್ಕೋ ಹೋಗಿರುತ್ತಾರೆ. ಬಾಗಿಲು ಹಾಕಿದ್ದ ಮನೆ ಬಿಟ್ಟು ಪಕ್ಕದ ಮನೆ ಹಿಡಿದರೆ, ದುಡಿಯುವವರನ್ನು ಬಿಟ್ಟು ದುಡಿಮೆಯ ಬಗ್ಗೆ ಬರೆದ ಹಾಗಾಯಿತು. ರಾತ್ರಿ ಹೋಗಿ, ಭಾನುವಾರ ಹೋಗಿ. ಹಾಸ್ಟೆಲಿನಲ್ಲಿ ಕೂತು ಮಿಕ್ಕ ಫಾರಂ ತುಂಬುವುದು ಮಾತ್ರ ಬೇಡ. ಜನರ ಹೆಸರಿನಲ್ಲಿ ಸುಳ್ಳು ಹೇಳುವ ಪಟ್ಟಭದ್ರರು ಆಗಲೇ ಸಾಕಷ್ಟಿದ್ದಾರೆ.

ಐದನೆಯದು, ಎಲ್ಲಕ್ಕಿಂತ ಹೆಚ್ಚಿನದು, ಕಾರಣ. 'ಓದು ಕಡಿಮೆ ಇರುವ ಮನೆಗಳಲ್ಲಿ ಬಡತನ ಹೆಚ್ಚು' ಎಂದು ಕೋಷ್ಟಕ ತೋರಿಸುತ್ತದೆ. ಪ್ರಬಂಧ ಒಂದೇ ನೆಗೆತಕ್ಕೆ 'ಅಜ್ಞಾನವೇ ಬಡತನಕ್ಕೆ ಕಾರಣ' ಎನ್ನುತ್ತದೆ. ಬಡತನವೇ ಓದು ಬಿಡಿಸಿರಬಾರದೇ? ಎರಡಕ್ಕೂ ಜಮೀನಿಲ್ಲದಿರುವುದೇ ಕಾರಣವಿರಬಾರದೇ? ಜಮೀನು ಇದ್ದ ಮನೆಗಳನ್ನು ಬೇರೆ, ಇಲ್ಲದ ಮನೆಗಳನ್ನು ಬೇರೆ ಮಾಡಿ, ಎರಡರೊಳಗೂ ಮತ್ತೆ ಅದೇ ಕೋಷ್ಟಕ ಹಾಕಿ ನೋಡಲಿ. ಓದಿನ ವ್ಯತ್ಯಾಸ ಅಲ್ಲಿ ಕರಗಿದರೆ ತಪ್ಪು ಯಾರದ್ದೆಂದು ಗೊತ್ತಾಗುತ್ತದೆ. ಇಷ್ಟಕ್ಕೆ ದೊಡ್ಡ ಕಂಪ್ಯೂಟರು ಬೇಡ, ಒಂದು ಪೆನ್ಸಿಲು ಸಾಕು. ಬೇಕಾದ್ದು ಬಡವನ ಮೇಲೆ ಅಪವಾದ ಹೊರಿಸುವ ಮುಂಚೆ ಇನ್ನೊಂದು ಸಲ ಎಣಿಸುವ ನಿಯತ್ತು.

ಹೋಲಿಕೆಯಿಂದ ಕಾರಣ ಹುಡುಕಿದ ಕೆಲಸ ನಮ್ಮ ಪಕ್ಕದಲ್ಲೇ ನಡೆದಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬಾಕೆ 1954ರಿಂದ 1956ರವರೆಗೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಮನೆಗಳ ಆದಾಯ, ಖರ್ಚು, ದುಡಿದ ದಿನ ಎಲ್ಲವನ್ನೂ ಎಣಿಸಿದರು. ಒಂದಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. 1962ರ ಪುಸ್ತಕದಲ್ಲಿ ಅವರು ಕಂಡುಕೊಂಡದ್ದು ನಾವು ಊಹಿಸುವುದಕ್ಕೆ ತಿರುಗುಮುರುಗು. ನೀರು ಬಂದ ಊರಿನಲ್ಲಿ ಒಕ್ಕಲಿಗರಿಗೂ ಆದಿ ಕರ್ನಾಟಕರಿಗೂ ಇದ್ದ ತಲೆಮಾರಿನ ಊಳಿಗದ ಕಟ್ಟು ಉಳಿಯಿತು. ನೀರು ಬಾರದ, ಜನ ಹೊರಗಿನ ಉದ್ಯೋಗ ಹುಡುಕಿ ಹೋದ ಊರಿನಲ್ಲಿ ಆ ಕಟ್ಟು ಸಡಿಲಾಯಿತು. ನಮ್ಮ ಸೀಮೆ ಇಂಥ ಹೋಲಿಕೆಗೆ ಹೇಳಿ ಮಾಡಿಸಿದಂತಿದೆ. ಪಡುವಲಿಗೆ ಬೇಲೂರಿನ ಮಲೆನಾಡ ಅಂಚು, ಕಾಫಿ ತೋಟದ ಲೈನು ಮನೆ. ಮೂಡಲಿಗೆ ಅರಸೀಕೆರೆಯ ಬಯಲು, ತೆಂಗು, ರಾಗಿ, ಕೊಬ್ಬರಿ ಮಂಡಿ, ರೈಲು ಜಂಕ್ಷನ್ನು. ನಡುವೆ ಹಳೇಬೀಡು. ಜೀತದ ನೆರಳು ಎಲ್ಲಿ ಉದ್ದವಾಗಿ ಉಳಿದಿದೆ, ತೋಟದಲ್ಲೋ ಬಯಲಲ್ಲೋ? ರೈಲು ಹತ್ತಿ ಹೋದವರ ಮನೆಯಲ್ಲಿ ಏನು ಬದಲಾಯಿತು? ಈ ಪ್ರಶ್ನೆಗಳು ಊರಿನೊಳಗಿಂದ ಎದ್ದವು. ವಿಷ್ಣುವರ್ಧನನ ಅಧ್ಯಾಯ ಇವಕ್ಕೆ ಬೇಕಿಲ್ಲ.

ಇಂಥ ಲೆಕ್ಕ ಲೋಕ ಬದಲಾಯಿಸುತ್ತದೆಯೇ ಎಂದು ಕೇಳುವವರಿದ್ದಾರೆ. ದೇವರಾಜ ಅರಸರ ಸರ್ಕಾರ 1972ರಲ್ಲಿ ನೇಮಿಸಿದ ಹಾವನೂರು ಆಯೋಗ ಮಾಡಿದ್ದು ಇಂಥದೇ ಕೆಲಸ. ಮನೆಗಳ ಸಮೀಕ್ಷೆ ನಡೆಸಿತು. ಜೊತೆಗೆ 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾವ ಜಾತಿಯ ಎಷ್ಟು ಮಕ್ಕಳು ತೇರ್ಗಡೆಯಾದರು ಎಂದು ಜನಸಂಖ್ಯೆಯ ಎದುರಿಗಿಟ್ಟು ನೋಡಿತು. 1975ರಲ್ಲಿ ವರದಿ ಬಂತು, 1977ರಲ್ಲಿ ಮೀಸಲಾತಿಯ ಆದೇಶ ಬಂತು. ಎಷ್ಟೋ ಹಿಂದುಳಿದ ಮನೆಗಳ ಮೊದಲ ಗುಮಾಸ್ತ, ಮೊದಲ ಮೇಷ್ಟ್ರು ಆ ಕೋಷ್ಟಕಗಳಿಂದಲೇ ಹುಟ್ಟಿಬಂದರು. ಪರಿಶಿಷ್ಟರನ್ನು ಪ್ರತಿ ಜನಗಣತಿಯಲ್ಲೂ ಎಣಿಸಿದ್ದಾರೆ. ಎಲ್ಲಾ ಜಾತಿಗಳನ್ನೂ ಎಣಿಸಿದ ಪೂರ್ತಿ ಗಣತಿಯ ಅಂಕಿ ನಮ್ಮ ಕೈಗೆ ಸಿಕ್ಕಿದ್ದು 1931ರದ್ದೇ ಕೊನೆ. ಯಾರು ಎಷ್ಟು ಉಣ್ಣುತ್ತಿದ್ದಾರೆ ಎಂಬ ಲೆಕ್ಕ ಯಾರಿಗೆ ಬೇಡವಾಗಿತ್ತು ಅನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ. 2027ರ ಜನಗಣತಿಯಲ್ಲಿ ಜಾತಿಯನ್ನು ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲಿನಲ್ಲಿ ಹೇಳಿತು. ಆ ಅಂಕಿ ಬಂದಾಗ ಓದಬಲ್ಲವರು, ಅದರ ಹೊಲಿಗೆ ಬಿಚ್ಚಿ ನೋಡಬಲ್ಲವರು ನಮ್ಮಲ್ಲಿರಬೇಕು. ವಿದ್ಯಾರ್ಥಿಯ ಪ್ರಬಂಧ ಆ ಕೆಲಸದ ಗರಡಿ.

ಭಾಷೆಯ ಬಗ್ಗೆ ಒಂದು ಮಾತು. ಮಾತಾಡಿದ ಜನರನ್ನು 'ಪ್ರತಿಕ್ರಿಯಾದಾರರು' ಎನ್ನುತ್ತಾರೆ. ಕೂಲಿಯವರನ್ನು 'ಅಕುಶಲ ಶ್ರಮಿಕರು' ಎನ್ನುತ್ತಾರೆ. ಬಳಪದ ಕಲ್ಲು ಹೊತ್ತವರ ಮೊಮ್ಮಕ್ಕಳು, ಮಡಕೆ ತಟ್ಟುವವರು, ಚರ್ಮ ಹದ ಮಾಡಿದವರು, ಬೆಳಕು ಹರಿಯುವ ಮುಂಚೆ ಕೆಸರಿಗಿಳಿದು ನಾಟಿ ಹಾಕುವವರು ಅಕುಶಲರೇ? ಶಾಸ್ತ್ರದ ಪದ ಬೇಕಾದಲ್ಲಿ ಬಳಸಲಿ. ಅದು ಜನರನ್ನು ಸಣ್ಣದು ಮಾಡುವಲ್ಲಿ ಬಳಸದಿರಲಿ.

ಪ್ರಬಂಧದ ಮೂರು ಪ್ರತಿ ಬೈಂಡು ಹಾಕಿಸುತ್ತಾರೆ. ಒಂದು ಗೈಡಿಗೆ, ಒಂದು ವಿಭಾಗಕ್ಕೆ, ಒಂದು ತನಗೆ. ನಾಲ್ಕನೆಯದು ಊರಿಗೆ ಬೇಕು. ಆ ಊರಿನ ಶಾಲೆಯ ಮೇಷ್ಟ್ರುಗಳು, ನಮ್ಮ ಕಾರ್ಯಕರ್ತರು ಸೇರಿ ಒಂದು ಸಂಜೆ ಕೇರಿಯಲ್ಲಿ ಅದನ್ನು ಓದಿಸಬೇಕು. ಯಾರ ಮನೆಯ ಗುಟ್ಟೂ ಹೊರಬೀಳದ ಹಾಗೆ, ಅಂಕಿಗಳನ್ನಷ್ಟೇ, ಆಡುಮಾತಿನಲ್ಲಿ. 'ನಮ್ಮೂರಲ್ಲಿ ಪಹಣಿ ಒಬ್ಬರ ಹೆಸರಲ್ಲಿ, ಉಳುಮೆ ಇನ್ನೊಬ್ಬರದ್ದು ಅನ್ನೋ ಮನೆ ಇಷ್ಟವೆ' ಅಂತ ಓದಿದಾಗ ಅಲ್ಲೇ ಯಾರೋ ಎದ್ದು 'ಇಷ್ಟಲ್ಲ ಕಣ್ ಮಗ, ಇನ್ನೂ ನಾಕವೆ, ನಮ್ಮದು ಬಿಟ್ಟಿದೀಯ' ಅಂದರೆ, ಆ ಪ್ರಬಂಧಕ್ಕೆ ಅದಕ್ಕಿಂತ ದೊಡ್ಡ ಮೌಲ್ಯಮಾಪನ ಇಲ್ಲ. ಆ ನಾಲ್ಕು ಮನೆಯನ್ನೂ ಸೇರಿಸಿ, ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿ, ತಾಲ್ಲೂಕು ಕಚೇರಿಗೆ ಅರ್ಜಿ ಹಾಕುವ ಕೆಲಸ ಮಾರನೆಯ ದಿನದಿಂದ ನಮ್ಮದು.